ಪಿಸಿ ಹಾಕುದಾ, ಪಿಎಸ್5 ಹಾಕುದಾ? ಬದಿಯಡ್ಕದಲ್ಲಿ ಹತ್ತು ವರ್ಷ ಗೇಮ್ ಅಂಗಡಿ ಇಟ್ಟವನ ಉತ್ತರ

ನಿಮ್ಮ ಪ್ರಶ್ನೆ ಓದಿ ಎದೆ ಒಮ್ಮೆ ಧಸಕ್ ಅಂತು. ಗಲ್ಫಿಂದ ವಾಪಸ್ ಬಂದಿದ್ದೀರಿ, ಕೈಯಲ್ಲಿ ಆರು ಲಕ್ಷ ಉಂಟು, ಗೇಮ್ ಅಂಗಡಿ ಇಡ್ಲಿಕ್ಕೆ ಉಪ್ಪಳ ಪೇಟೆಯಲ್ಲಿ ರೂಮು ನೋಡಿ ಆಗಿದೆ, "ಹದಿನೈದು ವರ್ಷದಲ್ಲಿ ಗೇಮ್ಸ್ ಗ್ರಾಫಿಕ್ಸಲ್ಲಿ ತುಂಬಾ ಬದಲಾಗಿದೆ, ಹಾಗಾಗಿ ಒಳ್ಳೇ ಪಿಸಿ ಹಾಕುದಾ, ಟಿವಿಗೆ ಸಿಕ್ಕಿಸಿ ಆಡುವ ಸೋನಿಯವರ ಪ್ಲೇಸ್ಟೇಷನ್ ಪಿಎಸ್5 ಹಾಕುದಾ" ಅಂತ ಕೇಳಿದ್ದೀರಿ. 2016ರಲ್ಲಿ ನಾನು ಇಂಥದ್ದೇ ಮಾತನ್ನು ಮಂಗಳೂರಿನ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಕೇಳಿದ್ದೆ. ಅವರು ಪಿಸಿ ಅಂದ್ರು, ನಾನು ಹೂಂ ಅಂದೆ, ಹೆಂಡತಿಯ ಬಳೆ ಅಡವಿಟ್ಟೆ.

ನಂದು ನಿಮ್ಮ ಕಾಸರಗೋಡು ಜಿಲ್ಲೆಯದ್ದೇ ಬದಿಯಡ್ಕ. ಆಟದ ಹುಚ್ಚು ಹಿಡಿದದ್ದು 1993-94ರಲ್ಲಿ, ಐದನೇ ಕ್ಲಾಸಲ್ಲಿರುವಾಗ. ಶಾರ್ಜಾದಲ್ಲಿದ್ದ ಮಾವ ರಜೆಗೆ ಬರುವಾಗ ಟ್ಯಾಂಗ್ ಪೌಡರು, ಟೈಗರ್ ಬಾಮು ಎಲ್ಲದರ ಜೊತೆ ಒಂದು ವಿಡಿಯೋ ಗೇಮ್ ತಂದಿದ್ರು. ಜಪಾನಿನ ನಿಂಟೆಂಡೋದವರ ಫ್ಯಾಮಿಕಾಮಿನ ನಕಲು ಅದು ಅಂತ ನಂಗೆ ಗೊತ್ತಾದದ್ದು ಎಷ್ಟೋ ವರ್ಷ ಕಳೆದ ಮೇಲೆ. ಕ್ಯಾಸೆಟಿನ ಮೇಲೆ 9999999 ಇನ್ ಒನ್ ಅಂತ ಬರೆದಿತ್ತು, ಒಳಗೆ ಇದ್ದದ್ದು ಇಪ್ಪತ್ತು ಇಪ್ಪತ್ತೈದು ಆಟ ಅಷ್ಟೆ, ಉಳಿದ ನಂಬರೆಲ್ಲ ಅದೇ ಆಟ ಬೇರೆ ಬೇರೆ ಲೆವೆಲಿಂದ ಶುರುವಾಗುದು. 14 ಇಂಚಿನ ಟಿವಿ, ಸಂಜೆ ವೋಲ್ಟೇಜ್ ಇಳಿದ್ರೆ ಚಿತ್ರ ಸಣ್ಣ ಆಗ್ತಿತ್ತು. ರಿಮೋಟು ಎರಡೇ, ಆದ್ರೆ ಜಗಲಿಯಲ್ಲಿ ಹತ್ತು ಹನ್ನೆರಡು ಮಕ್ಕಳು, ಅಡಿಕೆ ಸುಲಿಯಲಿಕ್ಕೆ ಬಂದವರು ಕೂಡ ಕತ್ತಿ ಬದಿಗಿಟ್ಟು ಬಾಗಿಲಲ್ಲಿ ನಿಂತು ನೋಡ್ತಿದ್ರು. ಕಾಂಟ್ರಾ ಅಂತ ಗುಂಡು ಹೊಡೆಯುವ ಆಟದಲ್ಲಿ ಮೂರನೇ ಲೆವೆಲ್ ಜಲಪಾತ ಉಂಟಲ್ಲ, ಅದ್ರಲ್ಲಿ ಒಬ್ಬ ಬೇಗ ಬೇಗ ಮೇಲೆ ಹಾರಿದ್ರೆ ಸ್ಕ್ರೀನು ಮೇಲೆ ಸರಿದು ಕೆಳಗಿದ್ದವ ಸಾಯ್ತಾನೆ. ನನ್ನ ತಮ್ಮ ನನ್ನನ್ನು ಹಾಗೆ ಸಾಯಿಸಿದ ಲೆಕ್ಕ ಇಲ್ಲ, ಬೇಕಂತಲೇ ಹತ್ತಿದ್ದಾ ಗೊತ್ತಾಗದೆ ಹತ್ತಿದ್ದಾ ಅಂತ ಜಗಲಿಯಲ್ಲಿದ್ದವರೆಲ್ಲ ಸೇರಿ ತೀರ್ಪು ಕೊಡ್ತಿದ್ರು, ತಪ್ಪು ಅವಂದು ಅಂತಾದ್ರೆ ರಿಮೋಟು ಇನ್ನೊಬ್ಬನಿಗೆ.

ಗ್ರಾಫಿಕ್ಸ್ ಅಂತೀರಲ್ಲ, 1985ರ ಸೂಪರ್ ಮಾರಿಯೋ ಬ್ರದರ್ಸ್ ಇಡೀ ಆಟ 40 ಕೆಬಿ. ಈಗ ವಾಟ್ಸಾಪಲ್ಲಿ ಬರುವ ಒಂದು ಗುಡ್ ಮಾರ್ನಿಂಗ್ ಫೋಟೋ ಅದಕ್ಕಿಂತ ದೊಡ್ಡದಿರ್ತದೆ. ಜಾಗ ಸಾಲದೆ ಅವರು ಆಕಾಶದ ಮೋಡಕ್ಕೂ ನೆಲದ ಪೊದೆಗೂ ಒಂದೇ ಚಿತ್ರ ಹಾಕಿದ್ದಾರೆ, ಮೇಲಿದ್ದದ್ದು ಬಿಳಿ, ಕೆಳಗಿದ್ದದ್ದು ಹಸಿರು, ಬೇರೆ ವ್ಯತ್ಯಾಸ ಇಲ್ಲ. ಆ ಜಗಲಿಯಲ್ಲಿ ಕೂತು ವರ್ಷಗಟ್ಟಲೆ ನೋಡಿದ ನಮ್ಮಲ್ಲಿ ಒಬ್ಬನಿಗೂ ಅದು ಕಂಡಿಲ್ಲ. ನಾವು ನೋಡ್ತಾ ಇದ್ದದ್ದು ಪಕ್ಕದಲ್ಲಿ ಕೂತವ ಈಗ ಹಾರ್ತಾನಾ ಬೀಳ್ತಾನಾ ಅಂತ.

ಇದನ್ನು ನಾನು ಅಂಗಡಿ ಇಟ್ಟಾಗ ಮರೀಲಿಲ್ಲ, ಇಟ್ಟು ಎಂಟು ವರ್ಷದ ಮೇಲೆ ಮರೆತೆ.

ಅಂಗಡಿ ಶುರು ಮಾಡಿದ್ದು 2008ರಲ್ಲಿ, ಬಸ್ ಸ್ಟ್ಯಾಂಡಿನ ಹಿಂದೆ, ಶಟರ್ ರೋಡಿಗೆ ಮುಖ ಮಾಡಿದ ಒಂದು ರೂಮು, ತಿಂಗಳಿಗೆ 1,500 ಬಾಡಿಗೆ. ಮೂರು ಹಳೇ ಡಬ್ಬಾ ಟಿವಿ, ಮೂರು ಪಿಎಸ್2, ಎದುರಿಗೆ ಹಲಸಿನ ಮರದ ಮೂರು ಉದ್ದದ ಬೆಂಚು, ಅಪ್ಪ ಹಳೇ ಮನೆ ಬಿಚ್ಚಿದಾಗ ಉಳಿದ ಮರದಲ್ಲಿ ಆಚಾರಿಯವರಿಂದ ಮಾಡಿಸಿದ್ದು. ಪಿಎಸ್3 ಬಂದು ಎರಡು ವರ್ಷ ಆಗಿತ್ತು ಆಗ, ಆದ್ರೂ ಪಿಎಸ್2 ಚೆನ್ನಾಗಿ ಓಡ್ತಿತ್ತು, 2000ದಲ್ಲಿ ಬಂದ ಆ ಮೆಷಿನನ್ನು ಸೋನಿಯವರು 2013ರವರೆಗೆ ಮಾಡ್ತಾ ಇದ್ರು, 15 ಕೋಟಿಗಿಂತ ಹೆಚ್ಚು ಮಾರಿ ಹೋಗಿದೆ. ಸಿಡಿಗಳು ಹೆಚ್ಚಿನವು ಕಾಪಿ, ಅದು ಮಾಡ್ಬಾರದಿತ್ತು, ನೀವು ಮಾಡ್ಬೇಡಿ. ಆಟ ಒಂದೇ, ಫುಟ್ಬಾಲು. ಪಿಇಎಸ್, ಕೆಲವರಿಗೆ ಫಿಫಾ. ನಮ್ಮ ಕಡೆ ವರ್ಲ್ಡ್ ಕಪ್ ಬಂದ್ರೆ ಮೊಗ್ರಾಲಿಂದ ಮುಳ್ಳೇರಿಯದವರೆಗೆ ರೋಡ್ ಬದಿ ಬ್ರೆಜಿಲ್ ಅರ್ಜೆಂಟೀನಾ ಫ್ಲೆಕ್ಸು ಹೇಗೆ ಏಳ್ತದೆ ಅಂತ ನಿಮಗೆ ಹೇಳ್ಬೇಕಾ.

ನಿಯಮ ಏನಂದ್ರೆ ಹತ್ತು ನಿಮಿಷದ ಮ್ಯಾಚಿಗೆ 10 ರೂಪಾಯಿ, ಸೋತವ ಕೊಟ್ಟು ಏಳ್ಬೇಕು, ಗೆದ್ದವ ಕೂತಿರ್ತಾನೆ, ಬೆಂಚಲ್ಲಿ ಮುಂದಿನವ ಸರಿದು ಬರ್ತಾನೆ. ಹೈಸ್ಕೂಲು, ಪ್ಲಸ್ ಟು ಬಿಟ್ಟ ಕೂಡ್ಲೆ ಸಂಜೆ ನಾಲ್ಕೂಕಾಲು ಗಂಟೆಗೆ ಬೆಂಚು ತುಂಬ್ತಿತ್ತು, ಬಾಕಿ ಮಕ್ಕಳು ಶಟರಿನ ಹತ್ರ ಚೀಲ ಬೆನ್ನಿಗೆ ಹಾಕ್ಕೊಂಡೇ ನಿಲ್ಲುದು, ಕನ್ನಡ ತುಳು ಮಲಯಾಳ ಬ್ಯಾರಿ ಮರಾಠಿ ಎಲ್ಲ ಒಟ್ಟಿಗೆ, ಬೈಗುಳಕ್ಕೆ ಒಂದು ಭಾಷೆ ಹೊಗಳ್ಲಿಕ್ಕೆ ಒಂದು ಭಾಷೆ. 2014ರಲ್ಲಿ ಜರ್ಮನಿ ಬ್ರೆಜಿಲಿಗೆ 7-1 ಹೊಡೆದ ಮರುದಿನ ಮಧ್ಯಾಹ್ನವೇ ನಾನು ಶಟರ್ ಎತ್ತಬೇಕಾಯ್ತು, ಹಳದಿ ಜೆರ್ಸಿ ಹಾಕಿದ ಹುಡುಗರು ಸಾಲಾಗಿ ಬಂದು ಬ್ರೆಜಿಲ್ ತಗೊಂಡು ಜರ್ಮನಿಯ ಮೇಲೆ ಸೇಡು ತೀರಿಸ್ತಾ ಕೂತ್ರು, ಜರ್ಮನಿ ಹಿಡೀಲಿಕ್ಕೆ ಜನ ಸಿಗದೆ ನಾನೇ ಹಿಡಿದೆ. ರಾತ್ರಿ ಒಂಬತ್ತರವರೆಗೆ ನಿಂಬೆ ಸೋಡಾ ಮಾಡಿ ಮಾಡಿ ತಮ್ಮನ ಕೈ ಸೋತು ಹೋಗಿತ್ತು. ದಿನಕ್ಕೆ ಐನೂರು ಆರ್ನೂರು, ಆದಿತ್ಯವಾರ ಸಾವಿರ ದಾಟ್ತಿತ್ತು, ಸೋಡಾದ್ದು ಬೇರೆ.

ಈಗ ತಪ್ಪಿಗೆ ಬರ್ತೇನೆ, ಇದನ್ನು ಸ್ವಲ್ಪ ಉದ್ದ ಹೇಳ್ಬೇಕು, ಯಾಕಂದ್ರೆ ಕೇಳಿದವರೆಲ್ಲ ಇದನ್ನು ತಪ್ಪು ತಿಳ್ಕೊಳ್ತಾರೆ.

2016ರ ಹೊತ್ತಿಗೆ ನಂಗೆ ನನ್ನ ಅಂಗಡಿ ಹಳೇದು ಅಂತ ಕಾಣ್ಲಿಕ್ಕೆ ಶುರುವಾಯ್ತು. ಪಿಎಸ್2ಗೆ ಹೊಸ ಆಟ ಬರುದು ನಿಂತಿತ್ತು. ಯೂಟ್ಯೂಬಲ್ಲಿ ಜಿಟಿಎ 5 ಅಂತ ಆಟ ನೋಡ್ತಿದ್ದೆ, ನೀರಲ್ಲಿ ಸೂರ್ಯ ಹೊಳೆಯುದು, ರೋಡಲ್ಲಿ ಮಳೆ ಬಿದ್ದು ಒದ್ದೆ ಆಗುದು. ಬೆಂಗಳೂರಿನ ಗೇಮಿಂಗ್ ಕೆಫೆಗಳ ಫೋಟೋ ನೋಡಿದೆ, ಕತ್ತಲೆ ರೂಮು, ನೀಲಿ ಲೈಟು, ಒಬ್ಬೊಬ್ಬರಿಗೆ ಒಂದೊಂದು ಕ್ಯಾಬಿನ್, ಕಿವಿಗೆ ದೊಡ್ಡ ಹೆಡ್‌ಫೋನು. ಒಂದು ಕಾಗದದಲ್ಲಿ ಲೆಕ್ಕ ಹಾಕಿದೆ. ಒಂದು ಟಿವಿಯಲ್ಲಿ ಗಂಟೆಗೆ ನಾಲ್ಕು ಮ್ಯಾಚು ಹಿಡಿದ್ರೆ 40 ರೂಪಾಯಿ, ಮೂರು ಟಿವಿಗೆ 120. ಆರು ಕ್ಯಾಬಿನ್ ಹಾಕಿ ಗಂಟೆಗೆ 40 ತಗೊಂಡ್ರೆ 240. ದಿನಕ್ಕೆ ಎಂಟು ಗಂಟೆ, ತಿಂಗಳಿಗೆ 57,600. ಆ ಕಾಗದ ಈಗಲೂ ನನ್ನ ಹತ್ರ ಉಂಟು. ಆರು ಪಿಸಿಗೆ ಒಂದೊಂದಕ್ಕೆ 62 ಸಾವಿರ, ಮೇಲಿಂದ ಪ್ಲೈವುಡ್ ಕ್ಯಾಬಿನ್, ಎಸಿ, ಯುಪಿಎಸ್, ವೈರಿಂಗ್, ಒಟ್ಟು 4 ಲಕ್ಷ 80 ಸಾವಿರ. ಟಿವಿ ಮೂರೂ ಗುಜರಿಗೆ ಕೊಟ್ಟೆ. ಪಿಎಸ್2 ಎರಡು ಕಾಸರಗೋಡಿನ ಒಬ್ಬನಿಗೆ ಕೊಟ್ಟೆ, ಒಂದು ಮನೆಗೆ ತಂದೆ. ಬೆಂಚು ಹೊರಗೆ ಹಾಕಿದೆ, ಕ್ಯಾಬಿನ್ ಬಂದ ಮೇಲೆ ಒಳಗೆ ಜಾಗ ಎಲ್ಲಿ. ಎಸಿ ತಣ್ಪು ಹೊರಗೆ ಹೋಗ್ತದೆ ಅಂತ ಶಟರಿಗೆ ಕಪ್ಪು ಗಾಜಿನ ಬಾಗಿಲು.

ಚೌತಿಯ ದಿನ ಗಣಹೋಮ ಮಾಡಿಸಿ ಓಪನ್ ಮಾಡಿದೆ, 2016 ಸೆಪ್ಟೆಂಬರ್ 5. ಅದೇ ದಿನ ಜಿಯೋ ಶುರುವಾದದ್ದು. ಅದಾಗಿ ಎರಡು ತಿಂಗಳಿಗೆ ನೋಟು ಬ್ಯಾನ್ ಆಯ್ತು. ಹಾಗಾಗಿ ಅಂಗಡಿ ಯಾಕೆ ಮುಚ್ಚಿದ್ದು ಅಂತ ಯಾರು ಕೇಳಿದ್ರೂ ನಾನು ಜಿಯೋ ಅಂತಲೂ ನೋಟು ಅಂತಲೂ ಹೇಳ್ತಾ ಬಂದೆ, ಎರಡು ವರ್ಷ ನಾನೂ ಅದನ್ನೇ ನಂಬಿದ್ದೆ. ಅದು ಸುಳ್ಳು. ಮೊದಲ ವಾರದಲ್ಲೇ ಅಂಗಡಿ ಹೋಗಿ ಆಗಿತ್ತು, ಆಗ ನಮ್ಮ ಕಡೆ ಮಕ್ಕಳ ಕೈಗೆ ಜಿಯೋ ಸಿಮ್ಮು ಬಂದಿರ್ಲಿಲ್ಲ.

ಆ ಮೊದಲ ವಾರ ಒಂದು ದಿನ ಸಂಜೆ ನಾಲ್ಕೂಕಾಲು ಗಂಟೆಗೆ ಎಂದಿನ ಹುಡುಗರು ಬಂದ್ರು, ಹನ್ನೆರಡು ಹದಿಮೂರು ಜನ. ಆರು ಜನ ಒಳಗೆ ಕೂತ್ರು, ಹೆಡ್‌ಫೋನು ಹಾಕಿದ್ರು, ಸದ್ದಿಲ್ಲ. ಉಳಿದವರಿಗೆ ಕೂತ್ಕೊಳ್ಳಲಿಕ್ಕೆ ಜಾಗ ಇಲ್ಲ, ನೋಡ್ಲಿಕ್ಕೆ ಸ್ಕ್ರೀನೂ ಇಲ್ಲ, ಪ್ಲೈವುಡ್ಡೇ ಕಾಣುದು. ಪ್ಲಸ್ ಟು ಹುಡುಗ ಒಬ್ಬ, ನಮ್ಮಲ್ಲಿ ಅರ್ಜೆಂಟೀನಾ ಹಿಡಿದ್ರೆ ಅವನನ್ನು ಎಬ್ಬಿಸ್ಲಿಕ್ಕೆ ಯಾರಿಂದಲೂ ಆಗ್ತಿರ್ಲಿಲ್ಲ, ಅವ ಬಾಗಿಲು ತೆಗೆದು ಆಚೆ ಈಚೆ ನೋಡಿ "ಬೆಂಚು ಎಲ್ಲಿ ಅಣ್ಣ?" ಅಂತ ಕೇಳಿದ. ಇನ್ನು ಬೆಂಚಿಲ್ಲ, ಕ್ಯಾಬಿನಲ್ಲಿ ಖಾಲಿ ಆಗುವಾಗ ಕರೀತೇನೆ ಅಂದೆ. ಆಯ್ತು ಅಂದ, ಹೋದ. ಕರೀಲಿಕ್ಕೆ ಹೊರಗೆ ಬಂದು ನೋಡಿದ್ರೆ ರೋಡಲ್ಲಿ ಒಬ್ಬನೂ ಇಲ್ಲ.

ಕಾಗದದ ಲೆಕ್ಕದಲ್ಲಿ ಎಂತ ತಪ್ಪಿತ್ತು ಅಂದ್ರೆ, ನಾನು ಆಡುವವರನ್ನು ಮಾತ್ರ ಎಣಿಸಿದ್ದೆ. ಕಾಯುವವರನ್ನು ಎಣಿಸ್ಲೇ ಇಲ್ಲ. ಟಿವಿ ಒಂದಕ್ಕೆ ಇಬ್ಬರು ಆಡ್ತಿದ್ರೆ ಆರು ಜನ ಕಾಯ್ತಿದ್ರು, ಆ ಆರು ಜನ ಇದ್ದದ್ದಕ್ಕೇ ಆ ಇಬ್ಬರಿಗೆ ಗೆಲ್ಲಬೇಕು ಅಂತ ಕಾಣುದು, ಸೋತವನಿಗೆ ಇನ್ನೊಂದು ಸಲ ಸಾಲಲ್ಲಿ ಕೂರ್ಬೇಕು ಅಂತ ಕಾಣುದು. ರೋಡಲ್ಲಿ ಹೋಗುವವನಿಗೆ ಆ ಬೊಬ್ಬೆ ಕೇಳಿ ಒಮ್ಮೆ ಇಣುಕಿ ನೋಡುವ ಅಂತ ಆಗುದು. ಸೋಡಾ ಕುಡಿದದ್ದೂ ಕಾಯುವವರೇ. ಕ್ಯಾಬಿನಲ್ಲಿ ಕೂತವ ಸೋತದ್ದು ಯಾರಿಗೆ ಗೊತ್ತು, ಗೆದ್ದದ್ದು ಯಾರಿಗೆ ಗೊತ್ತು, ಗಂಟೆ ಆಯ್ತು, 40 ಕೊಟ್ಟ, ಹೋದ. ಡಿಸೆಂಬರಿನ ಹೊತ್ತಿಗೆ ಸಂಜೆ ಎರಡು ಕ್ಯಾಬಿನ್ ತುಂಬಿದ್ರೆ ಹೆಚ್ಚು. ತಿಂಗಳಿಗೆ 12 ಸಾವಿರ ಬಂದ್ರೆ ಬಾಡಿಗೆ, ಕರೆಂಟು, ನೆಟ್ಟು, ಚಿನ್ನದ ಸಾಲದ ಬಡ್ಡಿ ಸೇರಿ 14 ಸಾವಿರ ಹೋಗ್ತಿತ್ತು.

ಮತ್ತೆ ಆಟಗಳ ಕಥೆಯೂ ಬೇರೆಯೇ ಆಗಿತ್ತು. ಪಿಎಸ್2ಗೆ ಸಿಡಿ ಹಾಕಿದ್ರೆ ಅರ್ಧ ನಿಮಿಷದಲ್ಲಿ ಆಟ. ಜಿಟಿಎ 5 ಪಿಸಿಗೆ ಡಿಸ್ಕಲ್ಲಿ ತಗೊಂಡ್ರೆ ಏಳು ಡಿವಿಡಿ, ಇಳಿಸಿದ್ರೆ 65 ಜಿಬಿ, ನನ್ನ 2 ಎಂಬಿಪಿಎಸ್ ಲೈನಲ್ಲಿ ಅದು ಮೂರು ದಿನ ಮೂರು ರಾತ್ರಿ, ಅದೂ ಎಲ್ಲೂ ತುಂಡಾಗದೆ ಬಂದ್ರೆ. ಒಂದು ಅಕೌಂಟಿಗೆ ತಗೊಂಡದ್ದು ಆ ಅಕೌಂಟಿಗೆ ಮಾತ್ರ, ಆರು ಜನ ಒಟ್ಟಿಗೆ ಆಡ್ಬೇಕಾದ್ರೆ ಆರು ಸಲ ದುಡ್ಡು. ಮೇಲಿಂದ ತುಲಾ ಮಾಸದ ಸಿಡಿಲು, 2017ರಲ್ಲಿ ಒಂದೇ ಸಂಜೆ ಮೋಡೆಮ್ಮೂ ಎರಡು ಮದರ್‌ಬೋರ್ಡೂ ಹೋಯ್ತು. ಕಪ್ಪು ಮೋಡ ಕಂಡ ಕೂಡ್ಲೆ ಫೋನ್ ಲೈನಿನ ವಯರ್ ಕೀಳ್ಬೇಕು, ಪ್ಲಗ್ ಕೀಳುದು ಮಾತ್ರ ಸಾಲದು.

ಆ ಹುಡುಗರು ಎಲ್ಲಿಗೆ ಹೋದ್ರು ಅಂತ ನಂಗೆ ಗೊತ್ತಾದದ್ದು 2017ರ ಮಳೆಗಾಲದಲ್ಲಿ. ಪೇಟೆಯಿಂದ ಸ್ವಲ್ಪ ಆಚೆ ವೆಯ್ಟಿಂಗ್ ಶೆಡ್ಡಲ್ಲಿ ಮಳೆಗೆ ನಿಂತೆ, ಒಳಗೆ ಸಿಮೆಂಟು ಬೆಂಚಲ್ಲಿ ನಮ್ಮ ಹುಡುಗರೇ, ಐದಾರು ಜನ, ಭುಜಕ್ಕೆ ಭುಜ ತಾಗಿಸಿ ಕೂತು ಮಿನಿ ಮಿಲಿಷಿಯಾ ಆಡ್ತಿದ್ರು. ಒಬ್ಬ ಹಾಟ್‌ಸ್ಪಾಟ್ ಆನ್ ಮಾಡುದು, ಉಳಿದವರು ಅದಕ್ಕೆ ಸೇರುದು, ಡಾಟಾ ಕೂಡ ಬೇಡ. ಗೀಚಿದ ಚಿತ್ರದ ಹಾಗಿನ ಆಟ ಅದು, ಪುಟ್ಟ ಪುಟ್ಟ ಗೊಂಬೆಗಳು ಹಾರಿಕೊಂಡು ಗುಂಡು ಹೊಡೆಯುದು. ನನ್ನ 62 ಸಾವಿರದ ಪಿಸಿಯಲ್ಲಿ ನೀರು ಹೊಳೀತಾ ಇತ್ತು, ಅಲ್ಲಿ ಕೂತವರು ಇಲ್ಲ. ಇಲ್ಲಿ ಅದೇ ಬೊಬ್ಬೆ, ಸತ್ತವನನ್ನು ಅದೇ ಹಾಗೆ ಹಂಗಿಸುದು, ಫೋನಿಲ್ಲದ ಇಬ್ಬರು ಹಿಂದೆ ನಿಂತು ಹೇಳಿಕೊಡುದು. ಅರ್ಜೆಂಟೀನಾದ ಹುಡುಗ ನನ್ನನ್ನು ನೋಡಿ "ಅಣ್ಣ ಕೂತ್ಕೊಳ್ಳಿ" ಅಂತ ಸರಿದು ಜಾಗ ಮಾಡಿ ಕೊಟ್ಟ. ಮಳೆ ಬಿಟ್ಟ ಮೇಲೂ ನಾನು ಅಲ್ಲೇ ಕೂತಿದ್ದೆ.

2018ರ ಮೇಯಲ್ಲಿ ಮುಚ್ಚಿದೆ. ಆರು ಪಿಸಿ ಸೇರಿ 1 ಲಕ್ಷ 60 ಸಾವಿರಕ್ಕೆ ಹೋಯ್ತು. ಬಳೆ ಬಿಡಿಸಿ ತರ್ಲಿಕ್ಕೆ 2022 ಆಯ್ತು, ಅಷ್ಟು ವರ್ಷ ಮದುವೆ ಉಪನಯನಕ್ಕೆಲ್ಲ ಅವಳು ಗಾಜಿನ ಬಳೆ ಹಾಕಿಯೇ ಹೋದದ್ದು, ಒಂದು ಮಾತು ಆಡ್ಲಿಲ್ಲ.

ಹಾಗಾಗಿ ಗೇಮ್ಸ್ ಹೇಗೆ ಬದಲಾಗಿದೆ ಅಂತ ಕೇಳಿದ್ರೆ ನಾನು ಗ್ರಾಫಿಕ್ಸ್ ಅಂತ ಹೇಳುದಿಲ್ಲ. ಪಕ್ಕದಲ್ಲಿ ಕೂರ್ತಿದ್ದ ಎರಡನೆಯವನನ್ನು ಆಟ ಮಾಡುವವರು ಎಬ್ಬಿಸಿ ಬೇರೆ ಮನೆಗೆ ಕಳಿಸಿದ್ದಾರೆ, ದೊಡ್ಡ ಬದಲಾವಣೆ ಅದು. ಅದಕ್ಕೆ ಕಾರಣವೂ ಉಂಟು. ಒಂದೇ ಟಿವಿಯನ್ನು ಎರಡು ತುಂಡು ಮಾಡಿ ಇಬ್ಬರು ಆಡ್ಬೇಕಾದ್ರೆ ಮೆಷಿನು ಒಂದೇ ಜಾಗವನ್ನು ಎರಡು ಕಣ್ಣಿಂದ ಎರಡು ಸಲ ಬಿಡಿಸ್ಬೇಕು, ನೀರು ಹೊಳೆಯುದು ಸೂರ್ಯ ಹೊಳೆಯುದು ಎಲ್ಲ ಎರಡೆರಡು ಸಲ. ಗ್ರಾಫಿಕ್ಸ್ ಹೆಚ್ಚಾದ ಹಾಗೆ ಅದು ಭಾರ. ನಾಲ್ಕು ಜನ ಒಂದೇ ಟಿವಿಯಲ್ಲಿ ಆಡುದಕ್ಕೇ ಹೆಸರಾಗಿದ್ದ ಹೇಲೋ ಅಂತ ಆಟ ಕೂಡ 2015ರ ಹೇಲೋ 5ರಲ್ಲಿ ಅದನ್ನು ತೆಗೆದು ಬಿಟ್ಟಿತು. ದುಡ್ಡಿನ ಲೆಕ್ಕವೂ ಹಾಗೆಯೇ, ಇಬ್ಬರು ಒಂದೇ ಮನೆಯಲ್ಲಿ ಆಡಿದ್ರೆ ಒಂದು ಡಿಸ್ಕು ಮಾರಿ ಹೋಗ್ತದೆ, ಬೇರೆ ಬೇರೆ ಮನೆಯಲ್ಲಿ ಆಡಿದ್ರೆ ಎರಡು. ಸರ್ವರ್ ನಿಂತ್ರೆ ಆಟವೇ ನಿಲ್ಲುವ ಹಾಗೆ ಬೇರೆ ಮಾಡಿಟ್ಟಿದ್ದಾರೆ, ದಿ ಕ್ರೂ ಅಂತ 2014ರ ಕಾರ್ ಆಟ ಒಂದು, 2024ರ ಮಾರ್ಚ್ 31ಕ್ಕೆ ಸರ್ವರ್ ಮುಚ್ಚಿದ್ರು, ದುಡ್ಡು ಕೊಟ್ಟು ತಗೊಂಡವರಿಗೂ ಈಗ ಅದಿಲ್ಲ. ನಾನು ಮನೆಗೆ ತಂದ ಪಿಎಸ್2 ಮೊನ್ನೆ ಕೂಡ ಆನ್ ಆಯ್ತು.

ಈಗ ನಿಮಗೆ ಎಂತ ಹೇಳುದು. ಪಿಸಿ ಬೇಡ, ಅದನ್ನು ಬಿಟ್ಟೇ ಬಿಡಿ. ಉಪ್ಪಳದಲ್ಲಿ ಪ್ರತಿ ಮನೆಯಲ್ಲಿ ಫೈಬರ್ ಉಂಟು, ಪ್ರತಿ ಹುಡುಗನ ಕೈಯಲ್ಲಿ ಬಿಜಿಎಂಐ ಅಂತ ಗುಂಡು ಹೊಡೆಯುವ ಆಟ ಓಡುವ ಫೋನುಂಟು, ಒಬ್ಬನೇ ಆಡುದಕ್ಕೆ ಅವ ನಿಮ್ಮ ಹತ್ರ ಯಾಕೆ ಬರ್ತಾನೆ. ಆರು ಲಕ್ಷವೂ ಹಾಕ್ಬೇಡಿ, ಎರಡೂವರೆ ಸಾಕು, ಬಾಕಿ ಬ್ಯಾಂಕಲ್ಲಿರಲಿ, ಚಿನ್ನ ಮುಟ್ಬೇಡಿ. ಪಿಎಸ್5 ಇಲ್ಲಿ 2021ರ ಫೆಬ್ರವರಿಯಲ್ಲಿ ಬಂದಾಗ 49,990 ಇತ್ತು, ಈಗ ಅದಕ್ಕಿಂತ ಹೆಚ್ಚು, ಒಂದು ತಗೊಳ್ಳಿ, ಜೊತೆಗೆ ಎರಡು ಸೆಕೆಂಡ್ ಹ್ಯಾಂಡ್ ಪಿಎಸ್4 ತಗೊಂಡ್ರೆ ಆಯ್ತು, ಫುಟ್ಬಾಲಿಗೆ ಅದು ಧಾರಾಳ. ಟಿವಿ ದೊಡ್ಡದಿರಲಿ, ರೋಡಿಂದ ಕಾಣ್ಬೇಕು. ಕಂಟ್ರೋಲರಿಗೆ, ಅಂದ್ರೆ ಕೈಯಲ್ಲಿ ಹಿಡಿದು ಆಡುವ ರಿಮೋಟಿಗೆ ಮಾತ್ರ ದುಡ್ಡು ಉಳಿಸ್ಬೇಡಿ, ಸ್ಟಿಕ್ಕಿನ ಕೆಳಗಿರುವ ಪಟ್ಟಿ ತಿಕ್ಕಿ ತಿಕ್ಕಿ ಸವೆದ್ರೆ ಕೈ ಬಿಟ್ಟರೂ ಆಟಗಾರ ತಾನೇ ನಡೀತಾನೆ, ಅಂಗಡಿಯಲ್ಲಿ ದಿನಕ್ಕೆ ಎಂಟು ಗಂಟೆ ಓಡುವಾಗ ಅದು ಬೇಗ ಬರ್ತದೆ, ಜಗಳವೂ ಅಲ್ಲಿಂದಲೇ ಶುರು, ಎರಡು ಸ್ಪೇರ್ ಯಾವಾಗಲೂ ಇಡಿ. ಹೆಡ್‌ಫೋನ್ ಒಂದೂ ಬೇಡ.

ಆಟ ತಗೊಳ್ಳುವ ಮೊದಲು ಒಂದೇ ಟಿವಿಯಲ್ಲಿ ಎಷ್ಟು ಜನ ಆಡ್ಬಹುದು ಅಂತ ನೋಡಿ, ಸ್ಟೋರಲ್ಲಿ ಬರೆದಿರ್ತದೆ, ಆನ್‌ಲೈನ್ ಪ್ಲೇಯರ್ಸ್ ಅಂತ ಇರುದು ಬೇರೆ ಲೆಕ್ಕ. ಫಿಫಾ ಈಗ 2023ರಿಂದ ಇಎ ಸ್ಪೋರ್ಟ್ಸ್ ಎಫ್‌ಸಿ ಅಂತ ಹೆಸರು ಬದಲಿಸಿದೆ, ಅದು ಬೇಕೇ ಬೇಕು. ಟೆಕ್ಕೆನ್ ಒಂದು ಇಡಿ, ಹೊಡೆದಾಟಕ್ಕೆ ಬೇಗ ಬೇಗ ಜನ ಬದಲಾಗ್ತಾರೆ. ಇಟ್ ಟೇಕ್ಸ್ ಟೂ ಅಂತ 2021ರದ್ದು ಒಂದುಂಟು, ಒಬ್ಬನಿಗೆ ಆಡ್ಲಿಕ್ಕೇ ಆಗುದಿಲ್ಲ, ಇಬ್ಬರು ಬೇಕೇ ಬೇಕು, ಆ ವರ್ಷದ ಗೇಮ್ ಆಫ್ ದಿ ಇಯರ್ ಅದಕ್ಕೇ ಸಿಕ್ಕಿದ್ದು. ಅಣ್ಣ ತಂಗಿ ಬಂದ್ರೆ ಅದನ್ನು ಹಾಕಿ ಕೊಡಿ. ಇಂಥ ಆಟ ಮಾಡುವವರು ಇನ್ನೂ ಇದ್ದಾರೆ ಅಂತ ಅದನ್ನು ನೋಡಿದಾಗ ನಂಗೆ ಕಣ್ಣು ತುಂಬಿ ಬಂದಿತ್ತು.

ಪಂಚಾಯತಿನ ಲೈಸೆನ್ಸ್ ಮೊದಲೇ ಮಾಡಿಸಿ. ಆಟಗಳ ಒಪ್ಪಂದದಲ್ಲಿ ಹೆಚ್ಚಾಗಿ ಸ್ವಂತ ಬಳಕೆಗೆ ಮಾತ್ರ, ವ್ಯಾಪಾರಕ್ಕಲ್ಲ ಅಂತ ಇರ್ತದೆ, ನಾನು ಅದನ್ನು ಓದ್ಲೇ ಇಲ್ಲ, ನೀವು ತಿಳಿದವರ ಹತ್ರ ಕೇಳಿಯೇ ಮುಂದೆ ಹೋಗಿ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟ ಯಾವುದನ್ನೂ ಅಂಗಡಿಯೊಳಗೆ ಬಿಡ್ಬೇಡಿ, 2025ರ ಆಗಸ್ಟಲ್ಲಿ ಕೇಂದ್ರದವರು ಅದಕ್ಕೆ ಕಾನೂನು ತಂದು ನಿಷೇಧ ಮಾಡಿದ್ದಾರೆ. ಬೆಂಚಲ್ಲಿ ಮಕ್ಕಳು ಬೆಟ್ಟು ಕಟ್ಟಿದ್ರೂ ಕೂಡ್ಲೆ ಎಬ್ಬಿಸಿ. ಮತ್ತೆ ಏಳು ಗಂಟೆಗೆ ಶಾಲೆ ಮಕ್ಕಳನ್ನು ಮನೆಗೆ ಕಳಿಸಿ, ತಾಯಂದಿರಿಗೆ ನಿಮ್ಮ ಮೇಲೆ ನಂಬಿಕೆ ಬಂದ್ರೆ ಅವರೇ ಕಳಿಸಿ ಕೊಡ್ತಾರೆ.

ನೀವು ನೋಡಿದ ರೂಮಿನ ಶಟರ್ ರೋಡಿನ ಕಡೆಗಾ ಹಿಂದಿನ ಕಡೆಗಾ, ಒಳಗೆ ಅಗಲ ಎಷ್ಟು ಅಡಿ ಅಂತ ಬರೀರಿ, ಅದು ನೋಡದೆ ಅಡ್ವಾನ್ಸ್ ಕೊಡ್ಬೇಡಿ. ಆರಡಿ ಬೆಂಚು ಎರಡು ನನ್ನ ಹತ್ರ ಈಗಲೂ ಉಂಟು, ಹಲಸಿನದ್ದು, ಒಂದಕ್ಕೆ ಒಂದು ಕಾಲು ಸಡಿಲ, ಅಷ್ಟೆ. ಪಿಕಪ್ಪು ತಂದ್ರೆ ಕೊಡ್ತೇನೆ, ದುಡ್ಡು ಬೇಡ.